ಹಸಿದ ಬಾವಲಿ

ಜುಲೈ ತಿಂಗಳು, ಇಲ್ಲಿ ಚಳಿಗಾಲ. ಸಂಜೆ ಐದೂವರೆ ಆಗಿದೆ, ಆಸ್ಟ್ರೇಲಿಯಾದ ಬ್ರಿಸ್ಬೇನ್ ಊರಲ್ಲಿ ನದಿ ದಂಡೆ ಮೇಲೆ ನಿಂತಿದ್ದೀನಿ. ಅಗೋ, ಆ ಮರದಿಂದ ಮೊದಲನೇದು ಎದ್ದಿತು... ಈಗ ಆಕಾಶ ಪೂರ್ತಿ ಅವೇ. ಕರಿ ಬಾವಲಿಗಳು. ರೆಕ್ಕೆ ಬಿಚ್ಚಿದ್ರೆ ಒಂದು ಮೀಟರಿಗೂ ಅಗಲ. ಊಟಕ್ಕೆ ಹೊರಟಿವೆ. ನಾನು ಮಾತಾಡೋದು ಆ ಊಟದ ಬಗ್ಗೆನೇ.

ಇವುಗಳಲ್ಲಿ ಹೆಂಡ್ರಾ ವೈರಸ್ ಇರುತ್ತೆ. 1994ರಲ್ಲಿ ಇದೇ ಊರಿನ ಹೆಂಡ್ರಾ ಬಡಾವಣೆಯ ಕುದುರೆ ಲಾಯದಲ್ಲಿ ಮೊದಲು ಪತ್ತೆಯಾಯ್ತು. ಬಾವಲಿಯಿಂದ ಕುದುರೆಗೆ, ಕುದುರೆಯಿಂದ ಮನುಷ್ಯರಿಗೆ. ಸೋಂಕು ತಗುಲಿದ 7 ಜನರಲ್ಲಿ 4 ಜನ ತೀರಿಕೊಂಡ್ರು. ಬಾವಲಿ ಮಾತ್ರ ಆರಾಮಾಗಿರುತ್ತೆ. ವೈರಸ್ಸನ್ನ ತಡೆಯೋ ಇಂಟರ್ಫೆರಾನ್ ಅನ್ನೋ ಪ್ರೋಟೀನ್ ನಮ್ಮಲ್ಲಿ ಸೋಂಕು ಬಂದಮೇಲೆ ಏಳುತ್ತೆ. ಕರಿ ಬಾವಲಿಯಲ್ಲಿ ಅದು ಸೋಂಕಿಲ್ಲದಾಗಲೂ ಕಾವಲಿಗೆ ನಿಂತಿರುತ್ತೆ.

ಆದ್ರೆ ಕಾವಲುಗಾರನಿಗೂ ಊಟ ಬೇಕಲ್ವಾ? ಜಮೈಕಾದ ಹಣ್ಣು ತಿನ್ನೋ ಬಾವಲಿಗಳ ಮೇಲೆ ನಡೆದ ಒಂದು ಪ್ರಯೋಗ 2024ರಲ್ಲಿ ಪ್ರಕಟವಾಯ್ತು. ಪ್ರೋಟೀನ್ ಕಡಿಮೆ ಮಾಡಿ ಬರೀ ಸಿಹಿ ಆಹಾರ ಕೊಟ್ಟ ಬಾವಲಿಗಳು ಫ್ಲೂ ವೈರಸ್ಸನ್ನ ಎಲ್ಲಕ್ಕಿಂತ ಜಾಸ್ತಿ, ಜಾಸ್ತಿ ದಿನ ಹೊರಹಾಕಿದ್ವು, ಅಂದ್ರೆ ಬೇರೆಯವಕ್ಕೆ ತಗುಲಬಹುದಾದ ವೈರಸ್ ಜಾಸ್ತಿ. ಕೊಬ್ಬು ಸೇರಿಸಿ ಕೊಟ್ಟವು ಎಲ್ಲಕ್ಕಿಂತ ಕಡಿಮೆ. ಇದನ್ನ ನಾನು ಊಹಿಸಿರಲಿಲ್ಲ.

ಇಲ್ಲಿ ಚಳಿಗಾಲದ ಊಟ ಅಂದ್ರೆ ನೀಲಗಿರಿ ಹೂವಿನ ಮಕರಂದ, ಪರಾಗ. ಹೌದು, ನಮ್ಮ ಕೋಲಾರದ ಕಡೆ ನೀರು ಹೀರುತ್ತೆ ಅಂತ ಬೈಸಿಕೊಳ್ಳೋ ಅದೇ ಮರ. ತನ್ನ ನೆಲದಲ್ಲಿ ಅದು ಎಷ್ಟು ಜೀವ ಸಾಕುತ್ತೆ ಅಂತ ಇಲ್ಲಿಗೆ ಬಂದಮೇಲೇ ನನಗೆ ಗೊತ್ತಾಗಿದ್ದು. ಆ ಕಾಡನ್ನ ಹೊಲಕ್ಕೆ, ಮನೆಗೆ ಅಂತ ಕಡಿದರು. 1996ರಿಂದ 2020ರವರೆಗಿನ ಮಾಹಿತಿ ಕೂಡಿಸಿ ನೋಡಿದ ಅಧ್ಯಯನ 2022ರಲ್ಲಿ ಬಂತು. ಹೂವು ಕೈಕೊಟ್ಟ ವರ್ಷ ಬಾವಲಿಗಳು ಚಿಕ್ಕ ಗುಂಪುಗಳಾಗಿ ಒಡೆದು ಕುದುರೆ ಹುಲ್ಲುಗಾವಲಿನ ಪಕ್ಕಕ್ಕೆ, ಹಿತ್ತಿಲಿಗೆ ಬರ್ತವೆ. ಸಿಕ್ಕಿದ್ದು ತಿಂತವೆ. ಸೋಂಕು ದಾಟೋದು ಆಗಲೇ.

2020ರ ಚಳಿಗಾಲದಲ್ಲೂ ಸೋಂಕು ದಾಟಲು ಶುರುವಾಗಿತ್ತು. ಅಷ್ಟರಲ್ಲಿ ಗಿಂಪಿ ಊರಿನ ಹತ್ತಿರ ಕೆಂಪು ನೀಲಗಿರಿ ಮರಗಳು ಒಟ್ಟಿಗೇ ಹೂಬಿಟ್ಟವು. ಎರಡು ಲಕ್ಷಕ್ಕೂ ಹೆಚ್ಚು ಬಾವಲಿ ಅಲ್ಲಿಗೆ ಹೋದ್ವು. ಕುದುರೆಗಳಿಗೆ ಸೋಂಕು ದಾಟೋದು ನಿಂತಿತು. ಯಾರೂ ಒಂದು ಬಾವಲಿಯನ್ನೂ ಓಡಿಸಿರಲಿಲ್ಲ, ಕೊಂದಿರಲಿಲ್ಲ.

ಇವತ್ತು ಇವು ಕಾಡಿನ ಕಡೆ ಹೋಗ್ತಿಲ್ಲ, ನೋಡಿ. ಮನೆಗಳ ದೀಪ ಕಾಣ್ತಿರೋ ಕಡೆಗೇ ತಿರುಗಿವೆ. ರಾತ್ರಿ ಪಕ್ಕದ ಮನೆಯವರು ಅಂದಕ್ಕೆ ನೆಟ್ಟಿರೋ ತಾಳೆ ಮರದಲ್ಲಿ ಕಿರುಚಾಟ ಕೇಳಿಸುತ್ತೆ. ಅದರ ಕಾಯಿ ಇವಕ್ಕೆ ಒಳ್ಳೇದಲ್ಲ. ಆದರೂ ತಿಂತವೆ.