ಹಸ್ತಪ್ರತಿಯಿಂದ ಅಚ್ಚಿನವರೆಗೆ

ಸಭೆಯಲ್ಲಿರುವ ಹಿರಿಯರಿಗೂ ಬರೆಯುವ ಆಸೆಯಿಂದ ಬಂದಿರುವ ಎಲ್ಲ ಗೆಳೆಯರಿಗೂ ನಮಸ್ಕಾರ.

ನಮ್ಮ ಕಥೆ, ಪ್ರಬಂಧ, ಲೇಖನಗಳು ಪತ್ರಿಕೆಗಳಲ್ಲಿ ಪ್ರಕಟವಾಗಬೇಕಾದರೆ ಏನು ಮಾಡಬೇಕು ಎಂಬ ವಿಷಯವಾಗಿ ಮಾತನಾಡಲು ನನ್ನನ್ನು ಕರೆದಿದ್ದೀರಿ. ಇದನ್ನು ಕೇಳುವವರಲ್ಲಿ ಹಲವರ ಮನಸ್ಸಿನಲ್ಲಿರುವುದು, ಸಂಪಾದಕರ ಪರಿಚಯವಿಲ್ಲದೆ ನಮ್ಮಂಥವರ ಬರಹ ಅಚ್ಚಾಗುತ್ತದೆಯೇ ಎಂಬ ಅನುಮಾನ. ಪರಿಚಯದ ಬಲದಿಂದ ಒಂದು ಬರಹ ಎಲ್ಲಿಯೋ ಬಂದೀತು; ಆದರೆ ವಾರವಾರವೂ, ತಿಂಗಳುತಿಂಗಳೂ ಪುಟ ತುಂಬಬೇಕಾದ ಸಂಪಾದಕರಿಗೆ ಹೊಸಬರ ಒಳ್ಳೆಯ ಬರಹದ ಅಗತ್ಯ ನಮಗಿಂತ ಹೆಚ್ಚಾಗಿಯೇ ಇರುತ್ತದೆ. ಅವರು ನಮ್ಮ ಪಾಲಿನ ಮೊದಲ ಅಪರಿಚಿತ ಓದುಗರು. ನಮ್ಮ ಊರು, ಮನೆತನ, ಪಟ್ಟ ಶ್ರಮ ಯಾವುದನ್ನೂ ಅರಿಯದೆ, ಹಾಳೆಯ ಮೇಲೆ ಏನಿದೆಯೋ ಅದನ್ನಷ್ಟೇ ಓದುತ್ತಾರೆ. ಬರಹ ಕಳಿಸುವ ರೀತಿನೀತಿಗಳೆಲ್ಲವೂ ಈ ಒಂದು ಸಂಗತಿಯಿಂದ ಹುಟ್ಟಿಕೊಂಡವು ಎಂದು ನಾನು ತಿಳಿದಿದ್ದೇನೆ.

ಮೊದಲು ಆಗಬೇಕಾದದ್ದು ಪತ್ರಿಕೆಯ ಓದು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಂದಿನಿಂದ ಕನ್ನಡದಲ್ಲಿ ಬಂದುಹೋದ ಪತ್ರಿಕೆಗಳು ಅಸಂಖ್ಯ, ಮತ್ತು ಗಟ್ಟಿಯಾಗಿ ನಿಂತ ಪ್ರತಿಯೊಂದಕ್ಕೂ ತನ್ನದೇ ಆದ ಓದುಗ ಬಳಗವಿತ್ತು. 1956ರಲ್ಲಿ ಹುಬ್ಬಳ್ಳಿಯಿಂದ ಆರಂಭವಾದ ‘ಕಸ್ತೂರಿ’ ಡೈಜೆಸ್ಟ್ ಮಾದರಿಯದು, ಪಾ. ವೆಂ. ಆಚಾರ್ಯರ ಸಂಪಾದಕತ್ವದಲ್ಲಿ ಅದು ಮಾಹಿತಿಯನ್ನು ಬಿಗಿಯಾಗಿ, ರುಚಿಯಾಗಿ ಹೇಳುವ ಗದ್ಯವನ್ನು ಬೆಳೆಸಿತು. 1965ರ ‘ಸುಧಾ’ ಮತ್ತು 1983ರ ‘ತರಂಗ’ ಮನೆಮಂದಿಯೆಲ್ಲ ಓದುವ ವಾರಪತ್ರಿಕೆಗಳಾಗಿ ಬೆಳೆದರೆ, 1968ರ ‘ಮಯೂರ’ ಮಾಸಪತ್ರಿಕೆ ಕಥೆಗಳಿಗೆ ಹೆಚ್ಚು ಪುಟಗಳನ್ನು ಕೊಡುತ್ತ ಬಂದಿದೆ. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’, ಧಾರವಾಡದ ‘ಸಂಕ್ರಮಣ’, ಇತ್ತೀಚಿನ ‘ದೇಶ ಕಾಲ’ ಇವು ಸಾಹಿತ್ಯಾಸಕ್ತರಿಗಾಗಿಯೇ ಇದ್ದವು. ಒಂದೇ ಬರಹ ಈ ಎಲ್ಲೆಡೆಗೂ ಹೊಂದಲಾರದು. ಆದ್ದರಿಂದ ಕಳಿಸಬೇಕೆಂದಿರುವ ಪತ್ರಿಕೆಯ ಇತ್ತೀಚಿನ ಕೆಲವು ಸಂಚಿಕೆಗಳನ್ನು ಮುಂದಿಟ್ಟುಕೊಂಡು, ಕಥೆಗೆ ಎಷ್ಟು ಪುಟ ಕೊಡುತ್ತಾರೆ, ನುಡಿಚಿತ್ರಗಳು ಎಷ್ಟು ಪದಗಳಲ್ಲಿ ಮುಗಿಯುತ್ತವೆ, ಹೊರಗಿನವರ ಬರಹಕ್ಕೆ ಯಾವ ಅಂಕಣಗಳು ತೆರೆದಿವೆ ಎಂಬುದನ್ನು ಗಮನಿಸಬೇಕು. ಆರುನೂರು ಪದಗಳ ಜಾಗಕ್ಕೆ ಎರಡು ಸಾವಿರ ಪದಗಳನ್ನು ಕಳಿಸಿ, ಬೇಕಾದರೆ ಕತ್ತರಿಸಿಕೊಳ್ಳಿ ಎನ್ನುವುದು ನಮ್ಮ ಕೆಲಸವನ್ನು ಸಂಪಾದಕರ ಹೆಗಲಿಗೆ ಹೊರಿಸಿದಂತೆ.

ಇನ್ನು ಬರಹದ ಆರಂಭದ ವಿಷಯ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಹೊಸಬರ ಒಳ್ಳೆಯ ಬರಹಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲಿಯೇ. ಮಲೆನಾಡಿನ ಅಡಕೆ ಕೊಯ್ಲಿನ ಬಗ್ಗೆ ಒಬ್ಬರು ನುಡಿಚಿತ್ರ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲ ಪ್ಯಾರಾದಲ್ಲಿ ‘ಪ್ರಕೃತಿಮಾತೆಯ ಮಡಿಲಲ್ಲಿ ಹಸಿರು ಸೀರೆಯುಟ್ಟು ಕಂಗೊಳಿಸುವ’ ಮಲೆನಾಡಿನ ವರ್ಣನೆ. ಎರಡನೆಯದರಲ್ಲಿ ಕೃಷಿ ನಮ್ಮ ದೇಶದ ಬೆನ್ನೆಲುಬು ಎಂಬ ಮಾತು. ಮೂರನೆಯದರಲ್ಲಿ ಅಡಕೆಯ ಉಪಯೋಗಗಳು. ನಾಲ್ಕನೆಯ ಪ್ಯಾರಾಕ್ಕೆ ಬಂದಾಗ, ಮರವೇರಿ ಅಡಕೆ ಗೊನೆ ಕೊಯ್ಯುವ ಕೊನೆಗೌಡ ಒಂದು ಮರದ ತುದಿಯಿಂದ ಇಳಿಯದೆಯೇ ಪಕ್ಕದ ಮರವನ್ನು ಬಾಗಿಸಿ ಹಿಡಿದು ದಾಟುವುದು, ರಾತ್ರಿ ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿಯ ಮಣೆಯ ಮೇಲೆ ಕುಳಿತ ಹೆಂಗಸರು ಮಾತು ನಿಲ್ಲಿಸದೆ, ಕೈ ನೋಡದೆ ಅಡಕೆ ಸುಲಿಯುವುದು, ಬೇಯಿಸಿದ ಹಂಡೆಯಲ್ಲಿ ಉಳಿದ ಚೊಗರಿನ ಕೆಂಪು, ಇವೆಲ್ಲ ಕಣ್ಣಿಗೆ ಕಟ್ಟುವಂತೆ ಬರುತ್ತವೆ. ಈ ಲೇಖಕರು ನೋಡಿರುವುದು, ಬಲ್ಲದ್ದು ನಾಲ್ಕನೆಯ ಪ್ಯಾರಾವನ್ನು. ಮೊದಲಿನ ಮೂರನ್ನು ಅವರು ಎಲ್ಲೋ ಓದಿದ್ದರಿಂದ ಬರೆದರು, ಲೇಖನವೆಂದರೆ ಹೀಗೆ ಆರಂಭವಾಗಬೇಕು ಎಂಬ ನಂಬಿಕೆಯಿಂದ ಬರೆದರು. ಮೇಜಿನ ಮೇಲೆ ಹತ್ತಾರು ಬರಹಗಳನ್ನು ಇಟ್ಟುಕೊಂಡಿರುವ ಉಪಸಂಪಾದಕರು ನಾಲ್ಕನೆಯ ಪ್ಯಾರಾದವರೆಗೆ ಬರುತ್ತಾರೆಂಬ ಭರವಸೆ ಇಲ್ಲ. ಕೊನೆಗೌಡ ಮರದಿಂದ ಮರಕ್ಕೆ ದಾಟುವಲ್ಲಿಂದಲೇ ಆರಂಭಿಸಿ, ಮೊದಲ ಮೂರು ಪ್ಯಾರಾಗಳನ್ನು ತೆಗೆದುಹಾಕಿದರೆ ಆ ಬರಹಕ್ಕೆ ಏನೂ ನಷ್ಟವಾಗದು. ಪದಮಿತಿಯ ತೊಂದರೆಯೂ ಅರ್ಧದಷ್ಟು ತಾನಾಗಿ ನೀಗುತ್ತದೆ.

ಹಿಂದೆ ಹಾಳೆಯ ಒಂದೇ ಬದಿಯಲ್ಲಿ, ಅಂಚು ಬಿಟ್ಟು, ಬಿಡಿಸಿ ಬರೆದು, ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆಯನ್ನು ಜೊತೆಗಿಟ್ಟು ಕಳಿಸುವುದು ಕ್ರಮವಾಗಿತ್ತು. ಈಗ ಇಮೇಲ್ ಬಂದಿದೆ, ಆದರೆ ಅಚ್ಚುಕಟ್ಟುತನದ ಅಗತ್ಯ ಹೋಗಿಲ್ಲ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿದ ಕಡತ, ಆ ಅಕ್ಷರಗಳಿಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಅದನ್ನು ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವತ್ತು ಸ್ಥಳ ತಪ್ಪುವುದುಂಟು, ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಆಗುವುದುಂಟು. ಆದ್ದರಿಂದ ಪತ್ರಿಕೆ ಬೇರೆ ಸೂಚನೆ ಕೊಟ್ಟಿರದಿದ್ದರೆ ಯೂನಿಕೋಡಿನಲ್ಲಿ, ತಿದ್ದಲು ಬರುವ ವರ್ಡ್ ಕಡತದಲ್ಲಿ ಕಳಿಸಿ, ಕಳಿಸುವ ಮುನ್ನ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳುವುದು ಒಳ್ಳೆಯದು. ಅಲ್ಪಪ್ರಾಣ, ಮಹಾಪ್ರಾಣಗಳ ತಪ್ಪು ಮೊದಲ ಪುಟದಲ್ಲೇ ನಾಲ್ಕು ಕಂಡರೆ, ಈ ಬರಹಗಾರರು ತಮ್ಮ ಬರಹವನ್ನು ತಾವೇ ಓದಿಲ್ಲ ಎಂದು ಸಂಪಾದಕರು ಭಾವಿಸುವುದು ಸಹಜ. ಜೊತೆಯ ಪತ್ರದಲ್ಲಿ ಬರಹದ ಹೆಸರು, ಪ್ರಕಾರ, ಪದಸಂಖ್ಯೆ, ಇದು ಸ್ವಂತದ್ದು, ಎಲ್ಲಿಯೂ ಪ್ರಕಟವಾಗಿಲ್ಲ ಎಂಬ ಮಾತು, ವಿಳಾಸ, ದೂರವಾಣಿ ಇಷ್ಟಿದ್ದರೆ ಸಾಕು. ಫೇಸ್‌ಬುಕ್‌ನಲ್ಲಿ ಹಾಕಿದ್ದನ್ನೂ ಪ್ರಕಟಿತವೆಂದೇ ಎಣಿಸುವ ಸಂಪಾದಕರು ಅನೇಕರಿದ್ದಾರೆ.

ಯುಗಾದಿಯ ಲೇಖನವನ್ನು ಯುಗಾದಿಯ ಹಿಂದಿನ ವಾರ ಕಳಿಸಿದರೆ ಪ್ರಯೋಜನವಿಲ್ಲ. ವಾರಪತ್ರಿಕೆಯ ಪುಟಗಳು ಎಷ್ಟೋ ಮೊದಲೇ ಸಿದ್ಧವಾಗಿರುತ್ತವೆ, ದೀಪಾವಳಿ ವಿಶೇಷಾಂಕಗಳ ಸಿದ್ಧತೆ ಕೆಲವು ತಿಂಗಳು ಮುಂಚಿತವಾಗಿಯೇ ನಡೆಯುತ್ತದೆ. ಕಳಿಸಿದ ಮೇಲೆ ಕಾಯಬೇಕು. ಆ ಅವಧಿಯಲ್ಲಿ ಅದೇ ಬರಹವನ್ನು ಇನ್ನೊಂದು ಪತ್ರಿಕೆಗೆ ಕಳಿಸಬಾರದು; ಎರಡೂ ಕಡೆ ಅಚ್ಚಾದರೆ ಇಬ್ಬರು ಸಂಪಾದಕರ ವಿಶ್ವಾಸವೂ ಒಟ್ಟಿಗೇ ಹೋಗುತ್ತದೆ. ಎರಡು ಮೂರು ತಿಂಗಳಾದರೂ ಉತ್ತರವಿಲ್ಲದಿದ್ದರೆ, ಬರಹವನ್ನು ಹಿಂಪಡೆಯುತ್ತಿದ್ದೇನೆ ಎಂದು ವಿನಯದಿಂದ ಎರಡು ಸಾಲು ಬರೆದು ಬೇರೆಡೆಗೆ ಕಳಿಸಬಹುದು. ವಿಷಾದಪತ್ರ ಬಂದರೂ, ಜಾಗವಿಲ್ಲದೆಯೋ ಅದೇ ವಿಷಯದ ಬರಹ ಆಗಲೇ ಕೈಯಲ್ಲಿದ್ದುದರಿಂದಲೋ ಮರಳಿ ಬಂದದ್ದನ್ನು ನಮ್ಮ ಯೋಗ್ಯತೆಯ ತೀರ್ಪು ಎಂದುಕೊಳ್ಳಬೇಕಾಗಿಲ್ಲ. ಸಂಪಾದಕರು ಕಾರಣ ಬರೆದು ತಿಳಿಸಿದ್ದರೆ ಮಾತ್ರ ಅದನ್ನು ಕಾಪಿಟ್ಟುಕೊಳ್ಳಿ. ಅಷ್ಟು ಕೆಲಸದ ನಡುವೆ ಅವರು ಬಿಡುವು ಮಾಡಿಕೊಂಡು ಬರೆದದ್ದು ಅದು.

ಕಡೆಯದಾಗಿ, ಹೊಸಬರಿಗೆ ಯಾರೂ ಹೇಳದ ಹಕ್ಕಿನ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಪತ್ರಿಕೆಯ ನೌಕರರಲ್ಲದ ಲೇಖಕರು ಸ್ವಂತವಾಗಿ ಬರೆದು ಕಳಿಸಿದ ಬರಹದ ಹಕ್ಕು ಲೇಖಕರದೇ. ಅದನ್ನು ಬೇರೆಯವರಿಗೆ ವಹಿಸಿಕೊಡಬೇಕಾದರೆ ಸಹಿ ಮಾಡಿದ ಲಿಖಿತ ಒಪ್ಪಂದವಿರಬೇಕು. ಒಪ್ಪಂದದಲ್ಲಿ ಅವಧಿಯನ್ನು ಹೇಳಿರದಿದ್ದರೆ ಅದನ್ನು 5 ವರ್ಷವೆಂದೇ ತಿಳಿಯಬೇಕು ಎನ್ನುತ್ತದೆ ಕಾಯ್ದೆ. ಸಹಿ ಹಾಕುವ ಮುನ್ನ ಆ ಕಾಗದವನ್ನು ಪೂರ್ತಿ ಓದಿ. ಗೌರವ ಸಂಭಾವನೆ ಎಷ್ಟು, ಗೌರವ ಪ್ರತಿ ಬರುವುದೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಪ್ರಕಟವಾದ ಪುಟವನ್ನು ಸಂಚಿಕೆಯ ದಿನಾಂಕ ಬರೆದು ತೆಗೆದಿಡಿ. ಮುಂದೆ ಬರಹಗಳೆಲ್ಲ ಸೇರಿ ಪುಸ್ತಕವಾಗುವಾಗ, ಮೊದಲು ಪ್ರಕಟಿಸಿದ ಪತ್ರಿಕೆಯನ್ನು ಸಂಚಿಕೆಯ ಸಹಿತ ಸ್ಮರಿಸಲು ಅದು ಬೇಕಾಗುತ್ತದೆ. ಈಗ ನಿಮ್ಮಲ್ಲಿ ಯಾರಾದರೂ ಬರಹಗಳನ್ನು ತಂದಿದ್ದರೆ, ಅವುಗಳ ಮೊದಲ ಪುಟವನ್ನು ಒಟ್ಟಿಗೆ ಕುಳಿತು ಓದೋಣ.