ಆ ರಾತ್ರಿ ಅತ್ತಿದ್ದು ಯಾರಿಗೋಸ್ಕರ

ಕೇಳುಗರಿಗೆ ನಮಸ್ಕಾರ. ಐರ್ಲೆಂಡಿನ ನೆಲಾನ ಒಂದ್ಸಲಾನೂ ಮೆಟ್ಟದೇ ಇರೋ ಅಮೆರಿಕದ ಮನುಷ್ಯ "ನಾನು ಐರಿಶ್" ಅಂತಾನೆ. ಮೂಲ ಐರ್ಲೆಂಡು ಅಂತ ಹೇಳ್ಕೊಳ್ಳೋರು ಅಲ್ಲಿ 3 ಕೋಟಿಗೂ ಜಾಸ್ತಿ ಇದಾರೆ, ಐರ್ಲೆಂಡ್ ಗಣರಾಜ್ಯದಲ್ಲಿ ಇರೋರು ಮಾತ್ರ 2022ರ ಜನಗಣತಿ ಪ್ರಕಾರ ಬರೀ 51 ಲಕ್ಷ.

ಐರ್ಲೆಂಡಿನ ರಾಜಧಾನಿ ಡಬ್ಲಿನ್ ಕಡೆಯೋರಿಗೆ ಇದನ್ನ ಕೇಳಿದ್ರೆ ಮೈ ಉರಿಯುತ್ತೆ, ಇಂಥೋರಿಗೆ "ಪ್ಲಾಸ್ಟಿಕ್ ಪ್ಯಾಡಿ", ಅಂದ್ರೆ ನಕಲಿ ಐರಿಶ್, ಅಂತ ಹೆಸರೇ ಇಟ್ಟಿದಾರೆ. ಐರಿಶ್ ಜನರ ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ ಅಮೆರಿಕದೋರು ಕಾರ್ನ್ಡ್ ಬೀಫ್, ಅಂದ್ರೆ ಉಪ್ಪಲ್ಲಿ ನೆನೆಸಿದ ದನದ ಮಾಂಸ ತಿಂತಾರೆ, ಅದು ನಮ್ಮೂರ ಅಡುಗೆನೇ ಅಲ್ಲ, ನಮ್ದು ಬೇಕನ್ ಅನ್ನೋ ಹಂದಿ ಮಾಂಸ ಮತ್ತೆ ಕೋಸು ಅಂತಾರೆ ಇವರು. ಬಾಡಿಗೆ ಕಟ್ಕೊಂಡು ಅಲ್ಲೇ ಬದುಕ್ತಿರೋರ ಸಿಟ್ಟು ನಂಗೂ ಅರ್ಥ ಆಗುತ್ತೆ.

ಆದ್ರೂ ಈ ಮಾತು ಬಂದಾಗೆಲ್ಲ ನಂಗೆ "ಅಮೆರಿಕನ್ ವೇಕ್" ನೆನಪಾಗುತ್ತೆ. ವೇಕ್ ಅಂದ್ರೆ ಹೆಣದ ಪಕ್ಕ ರಾತ್ರಿಯೆಲ್ಲ ಎದ್ದು ಕೂರೋದು. 1845ರಲ್ಲಿ ಐರ್ಲೆಂಡಿನ ಬಡವರು ಹೊಟ್ಟೆಗೆ ನಂಬ್ಕೊಂಡಿದ್ದ ಆಲೂಗಡ್ಡೆಗೆ ರೋಗ ಬಿತ್ತು, ಆಮೇಲಿನ ಏಳು ವರ್ಷದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ರು, ಅದಕ್ಕಿಂತ ಕಮ್ಮಿ ಇಲ್ಲದಷ್ಟು ಜನ ಹಡಗು ಹತ್ತಿದ್ರು, ಬರ ಮುಗಿದ್ರೂ ಹೋಗೋದು ನಿಲ್ಲಲಿಲ್ಲ. ಮಗಳು ನಾಳೆ ಅಮೆರಿಕಾಗೆ ಹೊರಡ್ತಾಳೆ ಅಂದ್ರೆ ಹಿಂದಿನ ರಾತ್ರಿ ಅಕ್ಕಪಕ್ಕದೋರೆಲ್ಲ ಮನೇಲಿ ಸೇರೋರು, ಪಿಟೀಲು, ಕುಣಿತ, ಹಾಡು, ಬೆಳಗಿನ ಜಾವ ಆಗ್ತಿದ್ದಂಗೆ ತಾಯಿ ಸತ್ತೋರ ಮುಂದೆ ಅಳೋ ಥರಾನೇ ಅಳೋಳು, ಮತ್ತೆ ಈ ಮುಖ ನೋಡಲ್ಲ ಅಂತ ಅವಳಿಗೆ ಗೊತ್ತಿತ್ತು. ಆ ಹುಡುಗಿ ಬೋಸ್ಟನ್ನಲ್ಲೋ ನ್ಯೂಯಾರ್ಕಲ್ಲೋ ಯಾರದೋ ಮನೆಗೆಲಸ ಮಾಡಿ ಕಾಗದದ ಜೊತೆ ದುಡ್ಡು ಕಳಿಸೋಳು, ಒಮ್ಮೊಮ್ಮೆ ತಂಗಿಗೆ ಹಡಗಿನ ಟಿಕೆಟ್ಟೂ ಕಳಿಸೋಳು.

ಅವಳ ಮರಿಮಗ ಇವತ್ತು "ನಾನು ಐರಿಶ್" ಅಂದ್ರೆ ಹೇಳ್ತಿರೋದು ಆ ಮುತ್ತಜ್ಜಿ ಬದುಕಿನ ಕಥೇನ. ಐರ್ಲೆಂಡಲ್ಲಿ ಕೂತು ಕೇಳೋರಿಗೆ ಅದು ಪಾಸ್‌ಪೋರ್ಟಿನ ಮಾತು ಅನ್ಸುತ್ತೆ, ಜಗಳ ಹುಟ್ಟೋದೇ ಅಲ್ಲಿ. ಅಜ್ಜನೋ ಅಜ್ಜಿನೋ ಅಲ್ಲಿ ಹುಟ್ಟಿದ್ರೆ ಮೊಮ್ಮಕ್ಕಳು ಐರಿಶ್ ಪೌರತ್ವ ಕೇಳಬಹುದು, ಮುತ್ತಜ್ಜಿ ಹುಟ್ಟಿದ್ಲು ಅಂದ್ರೆ ಸಾಮಾನ್ಯವಾಗಿ ಅಷ್ಟು ಸಾಲಲ್ಲ, ಆದ್ರೆ ನೆನಪು ಕಾನೂನು ನಿಂತ ಕಡೆ ನಿಲ್ಲುತ್ತಾ ಹೇಳಿ?

2023ರ ಏಪ್ರಿಲ್‌ನಲ್ಲಿ ಅಮೆರಿಕದ ಆಗಿನ ಅಧ್ಯಕ್ಷ ಬೈಡನ್ ಐರ್ಲೆಂಡಿನ ಬ್ಯಾಲಿನಾ ಊರಿನ ಕೆಥೀಡ್ರಲ್ ಅನ್ನೋ ದೊಡ್ಡ ಚರ್ಚಿನ ಮುಂದೆ ನಿಂತು ಮಾತಾಡಿದ್ರು. ಅವರ ಹಿರೀಕ ಎಡ್ವರ್ಡ್ ಬ್ಲೂಯಿಟ್ ಅದೇ ಕಟ್ಟಡಕ್ಕೆ 27,000 ಇಟ್ಟಿಗೆ ಮಾರಿದ್ದ, ಆಮೇಲೆ ಆ ಕುಟುಂಬಾನೂ ಅಮೆರಿಕಾಗೆ ಹೋಯ್ತು. ಆವತ್ತು ರಾತ್ರಿ ಚಳೀಲಿ ಸಾವಿರಾರು ಜನ ಊರೋರು ಹೊಳೆ ದಂಡೇಲಿ ನಿಂತು ಕೇಳಿದ್ರು.