ಮೊದಲು ಬಾಯಿ, ಆಮೇಲೆ ಕೈ

ಕೇಳುಗರೇ, ನಮಸ್ಕಾರ.

ಒಂದರಿಂದ ಎಂಟರವರೆಗೆ ಒಮ್ಮೆ ಬಾಯಿ ಬಿಟ್ಟು ಎಣಿಸಿ, ನಿಧಾನವಾಗಿ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು. ಶಾಲೆಯಲ್ಲಿ ಕಲಿತ ಲಘು, ಗುರು ನೆನಪಿದೆ ಅಲ್ವಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಆ ಲೆಕ್ಕ ಹಾಕಿದರೆ ಈ ಎಂಟೂ ಪದಗಳಿಗೆ ಮೂರು ಮೂರೇ ಮಾತ್ರೆ. ಒಂಬತ್ತಕ್ಕೆ ಬಂದಾಗ ಮಾತ್ರ ಐದಾಗುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಮಕ್ಕಳಿಗೆ ತಾಳ ಹೇಳಿಕೊಡುವಾಗ ಬಹಳ ಕಡೆ ಎಣಿಕೆಯಿಂದಲೇ ಶುರು ಮಾಡುತ್ತಾರೆ. ಒಂದು, ಎರಡು, ಮೂರು, ನಾಲ್ಕು, ಚಪ್ಪಾಳೆ ತಟ್ಟಿ ಅನ್ನುತ್ತಾರೆ. ಚಪ್ಪಾಳೆ ಎಷ್ಟಾಯಿತು ಅಂತ ತಿಳಿಯೋದಕ್ಕೆ ಅದು ಸಾಕು. ಆದರೆ ಎರಡು ಚಪ್ಪಾಳೆಗಳ ನಡುವಿನ ಹೊತ್ತನ್ನು ನಾಲ್ಕು ಪಾಲು ಮಾಡಬೇಕು ಅನ್ನಿ. ಆಗ ಮಗುವಿನ ನಾಲಿಗೆ ಮೂರರ ಕಡೆಗೆ ಎಳೆಯುತ್ತದೆ, ಕೈ ನಾಲ್ಕನ್ನು ಹುಡುಕುತ್ತದೆ. ಎರಡೂ ಕೂಡೋದಿಲ್ಲ.

ತಕಧಿಮಿ ಅಂದರೆ ಈ ತೊಡಕಿಲ್ಲ. ನಾಲ್ಕು ಅಕ್ಷರ, ನಾಲ್ಕೂ ಲಘು. ಅದು ಮುಗಿಯುವ ಹೊತ್ತಿಗೆ ಸರಿಯಾಗಿ ಮುಂದಿನ ಚಪ್ಪಾಳೆ ಬರುತ್ತದೆ. ಹೀಗೆ ಬಾಯಲ್ಲಿ ಹೇಳುವ ತಾಳದ ಅಕ್ಷರಗಳಿಗೆ ಮೃದಂಗದವರು ಸೊಲ್ಲುಕಟ್ಟು ಅನ್ನುತ್ತಾರೆ, ತಬಲಾದವರು ಬೋಲ್ ಅನ್ನುತ್ತಾರೆ. ಬಾಯಲ್ಲಿ ಬಾರದ್ದು ಕೈಯಲ್ಲಿ ಬಾರದು ಅನ್ನುವುದು ಎರಡೂ ಕಡೆಯವರ ಪಟ್ಟು. ನಾನೂ ಅದನ್ನು ಪೂರ್ತಿ ನಂಬಿದವನು.

ಮೂರಕ್ಕೆ ತಕಿಟ. ನಾಲ್ಕಕ್ಕೆ ತಕಧಿಮಿ. ಐದಕ್ಕೆ ತಕ ತಕಿಟ. ಏಳಕ್ಕೆ ತಕಿಟ ತಕಧಿಮಿ. ಒಂಬತ್ತಕ್ಕೆ ತಕಧಿಮಿ ತಕ ತಕಿಟ. ತಿಶ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಅನ್ನುವ ಈ ಐದು ಲಯದ ಜಾತಿಗಳ ಹೆಸರುಗಳು ಒಂದನೇ ತರಗತಿಯ ಮಗುವಿಗೆ ಬೇಡ. ಅದಕ್ಕೆ ಎರಡೇ ಮಾತು ಕೊಡಿ, ಬಿಸಿ ಮತ್ತು ಕಡಲೆ. ಕಡಲೆ ಅಂದರೆ ತಕಿಟ. ಬಿಸಿಬಿಸಿ ಅಂದರೆ ತಕಧಿಮಿ. ಬಿಸಿ ಕಡಲೆ, ಐದು. ಕಡಲೆ ಬಿಸಿಬಿಸಿ, ಏಳು. ಬಿಸಿಬಿಸಿ, ಬಿಸಿ ಕಡಲೆ, ಒಂಬತ್ತು. ಐದೂ ಜಾತಿ ಬಾಯಿಗೆ ಬಂದವು. ಮಗುವಿಗೆ ಅದು ಆಟ, ಅಷ್ಟೇ.

ಇಲ್ಲಿಯವರೆಗೆ ಎಲ್ಲಾ ಲಘುವೇ. ಬರೀ ಲಘುವಿನಲ್ಲಿ ಮಗು ಓಡುವುದನ್ನು ಕಲಿಯುತ್ತದೆ, ಕಾಯುವುದನ್ನು ಕಲಿಯುವುದಿಲ್ಲ. ಕಾಯುವುದಕ್ಕೆ ಗುರು ಬೇಕು. ದಾವಣಗೆರೆಯಲ್ಲಿ ಅದಕ್ಕೇನು ಬರ? ಸಂಜೆಯಾದರೆ ಬೀದಿ ಬೀದಿಯಲ್ಲಿ ಮಂಡಕ್ಕಿ, ಮಿರ್ಚಿ. ಮಂ, ಡಕ್, ಕಿ, ಎರಡು, ಎರಡು, ಒಂದು, ಸೇರಿ ಐದು. ಮಿರ್, ಚಿ, ಮೂರು. ಒಟ್ಟು ಎಂಟು. ಎಂಟು ಎಣಿಕೆಯ ಆದಿತಾಳದ ಒಂದು ಆವರ್ತಕ್ಕೆ, ಅಂದರೆ ಒಂದು ಸುತ್ತಿಗೆ, ಸರಿಯಾಗಿ ಕೂರುತ್ತದೆ. ಬೆಣ್ಣೆ ದೋಸೆ ಮೂರು ಮೂರು ಆರು, ಅದರ ನಡೆಯೇ ಬೇರೆ.

ಮೆಣಸಿನಕಾಯಿ ನೋಡಿ. ಮೆಣಸಿನ ನಾಲ್ಕು, ಕಾಯಿ ಮೂರು, ಏಳಾಯಿತು. ನಮ್ಮ ಕಡೆ ಮಕ್ಕಳು ಹಾಗೆ ಬಿಡಿಸಿ ಹೇಳುವುದಿಲ್ಲ, ಮೆಣ್ಸಿನ್ಕಾಯಿ ಅನ್ನುತ್ತಾರೆ. ಆಗಲೂ ಮೆಣ್ ಎರಡು, ಸಿನ್ ಎರಡು, ಕಾ ಎರಡು, ಯಿ ಒಂದು. ಮತ್ತೆ ಏಳೇ! ಎರಡು ಅಕ್ಷರ ನುಂಗಿದರೂ ನಾಲಿಗೆ ಹೊತ್ತನ್ನು ಬಿಟ್ಟುಕೊಡಲಿಲ್ಲ. ಅದಕ್ಕೇ ಹೇಳುವುದು, ಮಗುವಿನ ಉಚ್ಚಾರ ತಿದ್ದುತ್ತಾ ಕೂರಬೇಡಿ. ಮನೆಯಲ್ಲಿ ಆಡುವ ಮಾತಿನಲ್ಲೇ ಹೇಳಲಿ.

ಈಗ ಚಿತ್ರದುರ್ಗದ ಮಕ್ಕಳಿಗೂ ಒಂದು ಪಾಲು ಬೇಕಲ್ಲ. ಒನಕೆ ಓಬವ್ವ. ಒನಕೆ ಮೂರು, ಓಬವ್ವ ಐದು. ಇದೂ ಎಂಟು. ಮಂಡಕ್ಕಿ ಮಿರ್ಚಿ ಐದು ಮೂರು, ಒನಕೆ ಓಬವ್ವ ಮೂರು ಐದು. ತರಗತಿಯನ್ನು ಎರಡು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಮಾತು ಕೊಡಿ. ಎಲ್ಲರೂ ಆದಿತಾಳ ಹಾಕಲಿ. ಒಂದು ತಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಆಮೇಲೆ ತಟ್ಟು, ಬೀಸು, ತಟ್ಟು, ಬೀಸು. ಇಬ್ಬರೂ ಒಟ್ಟಿಗೆ ಶುರು ಮಾಡಿದರೆ ನಡುವೆ ಬೇರೆ ಬೇರೆ ದಾರಿ ಹಿಡಿಯುತ್ತಾರೆ, ಕೊನೆಗೆ ಮಿರ್ಚಿ ಮತ್ತು ಬವ್ವ ಒಂದೇ ಸಲಕ್ಕೆ ಬೀಳುತ್ತವೆ. ಅದು ಕೂಡಿದಾಗ ಮಕ್ಕಳ ಮುಖ ನೋಡಬೇಕು.

ಆದರೆ ಏಳನೇ ಎಣಿಕೆಯ ಮೇಲೆ ಕಣ್ಣಿಡಿ. ಅಲ್ಲಿ ಯಾವ ಗುಂಪಿನ ಬಾಯಲ್ಲೂ ಹೊಸ ಅಕ್ಷರ ಇಲ್ಲ. ಮಿರ್ ಅನ್ನುವುದು, ಬವ್ ಅನ್ನುವುದು ಇನ್ನೂ ಹಿಡಿದುಕೊಂಡಿರುತ್ತದೆ. ಕೈ ಮಾತ್ರ ತಟ್ಟಬೇಕು. ಮಕ್ಕಳು ಜಾಸ್ತಿ ಜಾರುವುದೇ ಅಲ್ಲಿ. ಆಗ ಕೈಯನ್ನು ಬೈಯಬೇಡಿ. ಕೈ ಕೆಳಗಿಡಿಸಿ, ಬರೀ ಬಾಯಲ್ಲಿ ಇನ್ನೊಂದಷ್ಟು ಸಲ ಹೇಳಿಸಿ, ಆಮೇಲೆ ತಾಳ ಸೇರಿಸಿ. ಸರಿಹೋಗುತ್ತದೆ.

ಅದು ಗಟ್ಟಿಯಾದ ಮೇಲೆ ಒಂದು ಪರೀಕ್ಷೆ. ಒಂದು ಆವರ್ತ ಜೋರಾಗಿ ಹೇಳಬೇಕು, ಮುಂದಿನದನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು, ಮತ್ತೆ ಜೋರಾಗಿ. ಕೈ ಮಾತ್ರ ನಡೆಯುತ್ತಿರಬೇಕು. ಮೂರನೇ ಆವರ್ತಕ್ಕೆ ಎಲ್ಲರೂ ಒಟ್ಟಿಗೆ ಬಂದರೆ ಲಯ ಒಳಗೆ ಕೂತಿದೆ ಅಂತ ಅರ್ಥ.

ದಾವಣಗೆರೆ, ಚಿತ್ರದುರ್ಗ, ನಮ್ಮ ಈ ಎರಡೂ ಜಿಲ್ಲೆಗಳ ತರಗತಿಗಳಲ್ಲಿ ಮನೆಯಲ್ಲಿ ಉರ್ದು ಆಡುವ ಮಕ್ಕಳಿದ್ದಾರೆ, ಲಂಬಾಣಿ ಆಡುವವರಿದ್ದಾರೆ, ತೆಲುಗಿನವರಿದ್ದಾರೆ. ಆ ಮಕ್ಕಳಿಂದಲೂ ಅವರವರ ಮನೆಯ ಮಾತು, ಅಡುಗೆಯ ಹೆಸರು ಕೇಳಿ. ಅದಕ್ಕೂ ಮಾತ್ರೆ ಹಾಕಿ, ಎಲ್ಲರ ಕೈಲೂ ಹೇಳಿಸಿ. ತಕಧಿಮಿ ಯಾರ ಮನೆಮಾತೂ ಅಲ್ಲ. ಅಲ್ಲಿ ಎಲ್ಲರೂ ಸಮ. ಪಾಠದಲ್ಲಿ ಬಾಯಿ ಬಿಡದ ಮಗು ಇಲ್ಲಿ ಧೈರ್ಯವಾಗಿ ಬಿಡುತ್ತದೆ. ನನಗೆ ಈ ವಿಧಾನದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಬೇರೆ ದೇಶದವರೂ ಇದೇ ದಾರಿ ಹಿಡಿದಿದ್ದಾರೆ. ಹಂಗೇರಿಯ ಜೋಲ್ಟಾನ್ ಕೊಡಾಯ್ (1882–1967) ಹೆಸರಿನ ಪದ್ಧತಿಯಲ್ಲಿ ಒಂದು ಎಣಿಕೆಗೆ ತಾ, ಅದನ್ನು ಎರಡು ಮಾಡಿದರೆ ಟಿಟಿ. ಜರ್ಮನಿಯ ಕಾರ್ಲ್ ಆರ್ಫ್ (1895–1982) ಮಕ್ಕಳ ಹೆಸರು, ಗಾದೆ, ಎಣಿಕೆಯ ಮಾತುಗಳನ್ನೇ ಲಯಕ್ಕೆ ಹಚ್ಚಿದರು. ನಮಗೆ ಇನ್ನೂ ಒಂದು ಅನುಕೂಲ ಇದೆ. ಕನ್ನಡದಲ್ಲಿ ಬಳೆ ಬೇರೆ, ಬಾಳೆ ಬೇರೆ. ಎಳೆದರೆ ಅರ್ಥವೇ ಬದಲಾಗುತ್ತದೆ. ಹಾಗಾಗಿ ಶಾಲೆಗೆ ಬರುವ ಮೊದಲೇ ನಮ್ಮ ಮಕ್ಕಳು ಹೊತ್ತನ್ನು ಅಳೆದೇ ಮಾತಾಡುತ್ತಿರುತ್ತಾರೆ.

ಹೈಸ್ಕೂಲಿಗೆ ಹೋದಾಗ ಇದೇ ಮಕ್ಕಳಿಗೆ ಛಂದಸ್ಸು ಬರುತ್ತದೆ. ಗೆರೆ ಎಳೆದು ಲಘು ಗುರು ಗುರುತಿಸುವುದು ಅಂದರೆ ಬಹಳ ಮಕ್ಕಳಿಗೆ ಬೇಸರ. ಮಂಡಕ್ಕಿ ಅಂತ ತಟ್ಟಿದ ಮಗುವಿಗೆ ಲಲಿತ ರಗಳೆಯ ಐದು ಮಾತ್ರೆ ಕಿವಿಗೇ ಸಿಗುತ್ತದೆ. ಕಡಲೆ ಬಿಸಿಬಿಸಿ ಅಂದ ಮಗುವಿಗೆ ಕುಮಾರವ್ಯಾಸನ ಭಾಮಿನಿ ಷಟ್ಪದಿ ಹೊಸದಲ್ಲ, ಅದೂ ಮೂರು ನಾಲ್ಕು, ಮೂರು ನಾಲ್ಕು ಅಂತಲೇ ನಡೆಯುತ್ತದೆ. ಮಿಶ್ರಛಾಪು ತಾಳವೂ ಅದೇ.

ಸಂಗೀತದ ಮೇಷ್ಟ್ರು ಇಲ್ಲದ ಶಾಲೆಗಳೇ ಜಾಸ್ತಿ. ಕನ್ನಡದ ಮೇಷ್ಟ್ರು, ಮೇಡಂ ಇದನ್ನು ಮಾಡಬಹುದು. ವಾದ್ಯ ಬೇಡ, ದುಡ್ಡು ಬೇಡ, ಬೇರೆ ಪೀರಿಯಡ್ಡೂ ಬೇಡ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಮಕ್ಕಳು ಸಾಲಾಗಿ ತರಗತಿಗೆ ನಡೆಯುವಾಗ ಶುರು ಮಾಡಿ. ಹೆಜ್ಜೆಗೊಂದು ತಕಧಿಮಿ. ಒಂದು ವಾರ ಅಷ್ಟೇ ಸಾಕು, ಮುಂದಿನ ವಾರ ತಕಿಟ.

ನಮಸ್ಕಾರ.